ಜಗಲಿಗೆ ಗೊತ್ತಾದ ಕಿವಿ

ನಮ್ಮ ಜಗಲಿಯ ಗೋಡೆಗೆ ಒಂದು ರಟ್ಟು ತೂಗುಹಾಕಿದ್ದೆವು. ಅದರ ಮೇಲೆ ಮನೆಯ ವೈಫೈ ಪಾಸ್‌ವರ್ಡ್ ಬರೆದಿತ್ತು: ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಮೊದಲ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಬರೆದವನು ನಾನು. ಅಕ್ಕ ಒಳಗೆ ಮಕ್ಕಳಿಗೆ ಸಂಗೀತ ಹೇಳಿಕೊಡುವಾಗ ಅವರನ್ನು ಕರೆತಂದ ಅಪ್ಪ, ಅಮ್ಮ, ತಾತಂದಿರು ಒಂದು ಗಂಟೆ ಹೊರಗೆ ಕಾಯಬೇಕು. ಮೊದಲೆಲ್ಲ ಬಂದವರಿಗೆ ನೀರು ಕೊಡುತ್ತಿದ್ದೆವು. ಆಮೇಲೆ ನೀರಿನ ಜೊತೆ ವೈಫೈಯನ್ನೂ ಕೊಡತೊಡಗಿದೆವು. ಮನೆಗೆ ಬಂದವರು ಕೇಳಿದರೆ ಇಲ್ಲ ಎನ್ನುವಂಥ ವಸ್ತುವಲ್ಲ ಅದು ಎಂದು ಅಕ್ಕನ ಅಭಿಪ್ರಾಯ. ರಟ್ಟು ಓದಲು ಕಷ್ಟಪಡುವ ತಾತಂದಿರಿಗೆ ಮಕ್ಕಳು ಪಾಸ್‌ವರ್ಡನ್ನು ಹಾಡಿ ತೋರಿಸುತ್ತಿದ್ದರು.

ವಿದ್ಯಾರಣ್ಯಪುರಂನ ಆ ಮನೆಯ ಕೆಳಭಾಗ ಅಕ್ಕನದು, ಮಹಡಿಯ ಕೋಣೆ ನನ್ನದು. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮದು ಕಡಕೊಳದ ಆಚೆಯಿಂದ ಬಂದ ಬೇಸಾಯದ ಮನೆತನ. ಅವಳು ಸಂಗೀತ ಕಲಿಯುತ್ತೇನೆ ಎಂದಾಗ ನಮ್ಮ ನೆಂಟರು ಇದೆಲ್ಲ ನಮಗ್ಯಾಕೆ ಎಂದರು, ಕಲಿಸುವವರ ಕಡೆಯವರು ಇದೆಲ್ಲ ಇವರಿಗೆ ಬರುತ್ತದೆಯೇ ಎಂದರು. ಇಬ್ಬರಿಗೂ ಅವಳು ಕೊಟ್ಟ ಉತ್ತರ ಅವಳ ಕಿವಿ. ಹತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಮೂರನೆಯ ಸಾಲಿನ ಹುಡುಗಿಯ ಗಾಂಧಾರ ಕೂದಲೆಳೆಯಷ್ಟು ಇಳಿದದ್ದನ್ನು ಅಡುಗೆಮನೆಯಲ್ಲಿ ನಿಂತೇ ಹೇಳುತ್ತಿದ್ದಳು. ಆ ಕಿವಿಯ ಮೇಲೆ ನಂಬಿಕೆಯಿಟ್ಟು ಜನ ಊರಿನ ಇನ್ನೊಂದು ಕಡೆಯ ಬೋಗಾದಿಯಿಂದಲೂ ಮಕ್ಕಳನ್ನು ಕರೆತರುತ್ತಿದ್ದರು.

ಈಗ ಹಿಂದಿರುಗಿ ನೋಡಿದರೆ ಸೂಚನೆಗಳೆಲ್ಲ ಸಾಲಾಗಿ ಕಾಣುತ್ತವೆ. ಕಾಣುತ್ತವೆ ಎಂಬುದನ್ನೇ ನಾನು ನಂಬುವುದಿಲ್ಲ, ಏಕೆಂದರೆ ಆಗ ಅವು ಸಾಲಾಗಿ ಬರಲಿಲ್ಲ. ಅಕ್ಕ ತನ್ನ ಚಾಪೆಯನ್ನು ಕಿಟಕಿಯ ಪಕ್ಕದಿಂದ ಎದುರು ಗೋಡೆಗೆ ಸರಿಸಿಕೊಂಡಳು. ಬಿಸಿಲು ಹೊಡೆಯುತ್ತದೆ ಎಂದಳು. ಫೋನನ್ನು ಎಡಗಿವಿಗೆ ಹಿಡಿಯತೊಡಗಿದಳು. ಬಲಗೈ ನೋವು ಎಂದಳು. ನಾನು ಎರಡನ್ನೂ ಒಪ್ಪಿಕೊಂಡೆ. ಕೊನೆಗೆ ಒಂದು ದಿನ ಅವಳೇ ಮಹಡಿಗೆ ಬಂದು, ಬಲಗಿವಿಯಲ್ಲಿ ಸಣ್ಣ ಸದ್ದುಗಳು ಹೋಗಿಬಿಟ್ಟಿವೆ, ಯಾರಿಗೂ ತಿಳಿಯದ ಹಾಗೆ ಪರೀಕ್ಷೆ ಮಾಡಿಸಬೇಕು ಎಂದಳು.

ಕಿವಿಗೆಂದೇ ದೊಡ್ಡ ಸಂಸ್ಥೆಯಿರುವ ಊರು ನಮ್ಮದು. ಅಲ್ಲಿಗೆ ಹೋಗಲು ಅವಳು ಒಪ್ಪಲಿಲ್ಲ. ಅಲ್ಲಿ ಸಾಲಿನಲ್ಲಿ ಕೂತರೆ ಯಾವುದಾದರೂ ಮಗುವಿನ ಅಜ್ಜಿ ಸಿಗುತ್ತಾಳೆ, ಒಳಗೆ ಹೋದರೆ ಯಾವುದಾದರೂ ಮಗುವಿನ ಚಿಕ್ಕಪ್ಪ ಸಿಗುತ್ತಾನೆ ಎಂಬುದು ಅವಳ ಲೆಕ್ಕ. ತಪ್ಪು ಲೆಕ್ಕವೂ ಅಲ್ಲ. ಶ್ರವಣ ಸಾಧನ ಮಾರುವ ಒಂದು ಕಂಪನಿಯ ವೆಬ್‌ಸೈಟ್ ಇತ್ತು. ಮೊದಲು ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು, ಸ್ವಲ್ಪ ಹಣ ಕಟ್ಟಿ ಸಮಯ ಗೊತ್ತುಮಾಡಿಕೊಂಡರೆ ಸಾಕು, ಕಾಯುವಂತಿಲ್ಲ, ಎಲ್ಲವೂ ಗೋಪ್ಯ ಎಂದು ಅದರಲ್ಲಿ ಬರೆದಿತ್ತು. ಗೋಪ್ಯ ಎಂಬ ಆ ಪದಕ್ಕೇ ಅಕ್ಕ ಅದನ್ನು ಆರಿಸಿದ್ದು.

ಫೋನು ಅವಳದು, ಬೆರಳು ನನ್ನದು. ಅವಳು ಉತ್ತರ ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಗುಂಪಿನಲ್ಲಿ ಮಾತು ಹಿಡಿಯಲು ಕಷ್ಟವೇ? ಹೌದು. ಹೇಳಿದ್ದನ್ನು ಮತ್ತೆ ಹೇಳಿ ಎಂದು ಕೇಳುತ್ತೀರಾ? ಹೌದು. ಇದರಿಂದ ಕೆಲಸಕ್ಕೆ ತೊಂದರೆಯಾಗುತ್ತಿದೆಯೇ ಎಂಬಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಅಂತ ಹಾಕು ಎಂದಳು. ಇಷ್ಟು ನನಗೆ ಖಚಿತ. ಪ್ರಶ್ನೆಗಳು ಶುರುವಾಗುವ ಮೊದಲು ಏನಾಯಿತು ಎಂಬುದಕ್ಕೆ ಮಾತ್ರ ನನ್ನ ಬಳಿ ಮೂರು ನೆನಪುಗಳಿವೆ. ಒಂದರಲ್ಲಿ ಪರದೆಯ ಕೆಳಗೆ ಒಂದು ಪಟ್ಟಿ ಮೇಲೆದ್ದು, ನಿಮ್ಮ ಅನುಭವ ಉತ್ತಮಪಡಿಸಲು ಎಂದೇನೋ ಹೇಳಿ, ಒಪ್ಪುತ್ತೇನೆ ಎಂಬ ದೊಡ್ಡ ಗುಂಡಿ ತೋರಿಸುತ್ತದೆ. ನಾನು ನೊಣ ಓಡಿಸುವ ಹಾಗೆ ಅದನ್ನು ಒತ್ತಿಬಿಡುತ್ತೇನೆ. ಇನ್ನೊಂದರಲ್ಲಿ ಅಂಥ ಪಟ್ಟಿಯೇ ಇಲ್ಲ. ಮೂರನೆಯದರಲ್ಲಿ ಕನ್ನಡಕವಿಲ್ಲದ ಅಕ್ಕ, ಇದೇನೋ ಅಡ್ಡ ಬಂತು ಎಂದು ಕೈಚಾಚಿ ತಾನೇ ಒತ್ತುತ್ತಾಳೆ. ಮೂರರಲ್ಲೂ ಮುಂದೆ ಉಪ್ಪಿಟ್ಟಿನ ತಟ್ಟೆಯಿದೆ. ಈ ಬರಹವನ್ನು ಅಕ್ಕನಿಗೆ ಓದಿ ಹೇಳಿದಾಗ, ಅವತ್ತು ಮಾಡಿದ್ದು ಅವಲಕ್ಕಿ ಎಂದಳು.

ಆ ಕಂಪನಿಯ ಅಂಗಡಿಯಲ್ಲಿ ಪರೀಕ್ಷೆ ಆಯಿತು. ಬಲಗಿವಿಯಲ್ಲಿ ಎತ್ತರದ ಸ್ಥಾಯಿಯ ಸದ್ದುಗಳು ಕಡಿಮೆಯಾಗಿವೆ, ಎಡಗಿವಿ ಚೆನ್ನಾಗಿದೆ, ಸ್ವರದ ಅಂದಾಜಿಗೆ ಏನೂ ಆಗಿಲ್ಲ, ಸಾಧನ ಹಾಕಿಕೊಂಡರೆ ಒಳ್ಳೆಯದು ಎಂದರು. ಅಕ್ಕ ಯೋಚಿಸಿ ಹೇಳುತ್ತೇನೆಂದು ಬಂದಳು. ಮನೆಗೆ ಬಂದವಳೇ ನನ್ನಿಂದ ಒಂದು ಮಾತು ತೆಗೆದುಕೊಂಡಳು. ಮಕ್ಕಳ ಮನೆಯವರಿಗೆ ತಾನೇ ಹೇಳುತ್ತೇನೆ, ಯಾವಾಗ, ಯಾವ ಮಾತಿನಲ್ಲಿ ಎಂಬುದು ತನ್ನ ಇಷ್ಟ. ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದು. ಬಿಡಲಿಲ್ಲ.

ಎರಡು ವಾರ ಕಳೆದಿರಬೇಕು. ಜಗಲಿಯ ತುದಿಯಲ್ಲಿ ತುಳಸಿ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಒಳಗೆ ಜಂಟಿ ವರಸೆ ನಡೆದಿತ್ತು. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬ ತಾಯಿ ನಗುತ್ತಾ ಫೋನನ್ನು ಪಕ್ಕದವರಿಗೆ ತೋರಿಸಿದಳು.

"ನೋಡ್ರೀ, ನನ್ ಫೋನಿಗೆ ನಾನು ಕಿವುಡಿ ಅಂತ ಅನ್ನಿಸ್ಬುಟ್ಟಿದೆ. ಬರೀ ಕಿವಿ ಮೆಷಿನ್ನೇ ತೋರಿಸ್ತದೆ."

"ನಂಗೂ ಅದೇ ಬರ್ತಿದೆ ಕಣ್ರೀ," ಎಂದಳು ಇನ್ನೊಬ್ಬಳು. "ನಮ್ಮತ್ತೆ ಏನಾದ್ರೂ ನೋಡಿರ್ಬೇಕು ಅಂದ್ಕೊಂಡಿದ್ದೆ."

ಮೊಮ್ಮಗಳನ್ನು ಕರೆತರುತ್ತಿದ್ದ ಒಬ್ಬ ತಾತ ತನ್ನ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದ. ಅವನು ಮಾತು ಶುರುಮಾಡಿದರೆ ಜಗಲಿ ಸುಮ್ಮನಾಗುತ್ತಿತ್ತು.

"ನಂಗೆ ಬಂದ್ರೆ ವಯಸ್ಸಾಯ್ತು ಅನ್ನಣ. ನಿಮಗ್ಯಾಕವ್ವ ಬರ್ಬೇಕು? ಮೂರು ಜನಕ್ಕೂ ಅಂಗೇ ಬತ್ತದೆ ಅಂದ್ರೆ ಇದು ಮನೆದು ಕಣ್ರವ್ವ. ಈ ಮನೇಲಿ ಯಾರ್ಗೋ ಕಿವಿ ಕೇಳಕ್ಕಿಲ್ಲ."

ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕುಂಡಕ್ಕೆ ನೀರು ಹೆಚ್ಚಾಗಿ ಹಾಕಿದೆ. ಒಳಗೆ ವರಸೆ ನಿಂತಿತ್ತು. ಅಕ್ಕನ ಎಡಗಿವಿ ಜಗಲಿಯ ಕಡೆಗೇ ಇತ್ತು ಎಂಬುದು ಆಮೇಲೆ ಹೊಳೆದದ್ದು.

ಮಕ್ಕಳೆಲ್ಲ ಹೋದ ಮೇಲೆ ಅವಳು ಶ್ರುತಿ ಪೆಟ್ಟಿಗೆ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ, ನನ್ನನ್ನು ಕರೆದಳು.

"ಯಾರಿಗೆ ಹೇಳ್ದೆ?"

ಯಾರಿಗೂ ಹೇಳಿಲ್ಲ ಎಂದೆ.

"ನನಗೆ, ನಿನಗೆ, ಆ ಅಂಗಡಿಯೋರಿಗೆ. ಮೂರೇ ಜನಕ್ಕೆ ಗೊತ್ತಿದ್ದಿದ್ದು. ಅಂಗಡಿಯೋರು ಬಂದು ನಮ್ಮ ಜಗಲೀಲಿ ಕೂತ್ಕೊಂಡಿದ್ರಾ?"

ಮುಂದಿನ ಕೆಲವು ದಿನ ಅವಳು ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಜಗಳವಾದರೂ ಆಗಿದ್ದರೆ ಸಲೀಸಾಗಿರುತ್ತಿತ್ತು. ಅವಳ ಅನುಮಾನ ನನಗೆ ಚುಚ್ಚಿದ್ದಕ್ಕಿಂತ, ಆ ಅನುಮಾನಕ್ಕೆ ನಾನೇ ಸೇರತೊಡಗಿದ್ದು ಹೆಚ್ಚು ಚುಚ್ಚಿತು. ಹಾಲಿನ ಬೂತಿನಲ್ಲಿ ಯಾರೋ ಅಕ್ಕ ಹೇಗಿದ್ದಾರೆ ಎಂದಾಗ ನಾನು ಏನೆಂದೆ? ಪರವಾಗಿಲ್ಲ ಎಂದೆನೋ, ಈಗ ಪರವಾಗಿಲ್ಲ ಎಂದೆನೋ? ನನ್ನ ನೆನಪನ್ನು ನಾನು ಚೆನ್ನಾಗಿ ಬಲ್ಲೆ. ಅದು ಕೇಳಿದವರಿಗೆ ಬೇಕಾದ ಸಾಕ್ಷಿ ಹೇಳುತ್ತದೆ.

ಹಾಗಾಗಿ ನೆನಪನ್ನು ಬಿಟ್ಟು ಬೇರೆ ಸಾಕ್ಷಿ ಹುಡುಕಿದೆ. ಬೋಗಾದಿಯಿಂದ ಮಗಳನ್ನು ಕರೆತರುತ್ತಿದ್ದ ಒಬ್ಬ ತಾಯಿ ಒಂದು ಕಂಪನಿಯಲ್ಲಿ ವೆಬ್‌ಸೈಟ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದಳು. ಕಾಯುವ ಒಂದು ಗಂಟೆಯೂ ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇರುತ್ತಿತ್ತು. ನಾನು ಅವಳಿಗೆ, ನನ್ನ ಗೆಳೆಯನೊಬ್ಬನಿಗೆ ಹೀಗಾಗಿದೆ ಎಂದು ಶುರುಮಾಡಿದೆ. ಒಂದು ಮನೆಯಲ್ಲಿ ಒಬ್ಬರು ಏನನ್ನೋ ನೋಡಿದರೆ, ಅದೇ ವೈಫೈ ಬಳಸುವ ಬೇರೆಯವರ ಫೋನಿಗೆ ಅದರ ಜಾಹೀರಾತು ಬರಬಹುದೇ? ಬರಬಹುದು ಎಂದಳು. ಹೊರಗಿನವರಿಗೆ ಒಂದು ವೈಫೈ ಎಂದರೆ ಒಂದು ಮನೆಯ ಹಾಗೆ ಕಾಣುತ್ತದೆ, ಅದರಲ್ಲಿರುವ ಫೋನುಗಳೆಲ್ಲ ಒಂದೇ ಸಂಸಾರ ಎಂದು ಅಂದಾಜು ಮಾಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಸರ್, ನಿಮ್ಮ ಗೆಳೆಯರು ನೋಡಿದ ಪುಟ ಯಾವುದು ಅಂತ ಗೊತ್ತಾದ್ರೆ ಖಚಿತವಾಗಿ ಹೇಳ್ತೀನಿ" ಎಂದಳು. ಅವಳಿಗೆ ತಿಳಿದಿತ್ತು. ತಿಳಿದೂ ಗೆಳೆಯ ಎಂಬ ಪದವನ್ನು ಹಾಗೇ ಉಳಿಸಿದ್ದಳು.

ಇದನ್ನು ಅಕ್ಕನಿಗೆ ಹೇಳಿದೆ. ಪುಟ ತೋರಿಸಬೇಕಾದರೆ ವಿಷಯ ಹೇಳಬೇಕು. ಅವಳು ಯೋಚಿಸಲು ಒಂದಿಡೀ ದಿನ ತೆಗೆದುಕೊಂಡಳು. ಮರುದಿನ ಬೋಗಾದಿಯ ಆ ತಾಯಿಗೆ ತಾನೇ ಫೋನ್ ಮಾಡಿ, ಸ್ವಲ್ಪ ಬೇಗ ಬನ್ನಿ ಎಂದು ಕರೆಸಿ, ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ನನ್ನ ಬಲಗಿವಿ ಹೋಗಿದೆ, ಇದನ್ನು ಹೊರಗೆ ಹಾಕಿದ್ದು ನನ್ನ ತಮ್ಮನೋ ಆ ಅಂಗಡಿಯೋ ನೋಡಿ ಹೇಳಿ ಎಂದಳು. ಅಷ್ಟು ಸರಳವಾಗಿ.

ಆ ತಾಯಿ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದಳು. ಪಕ್ಕದಲ್ಲಿ ಒಂದು ಪಟ್ಟಿಯನ್ನೂ ತೆರೆದಳು. ಪುಟ ಯಾರ ಯಾರ ಜೊತೆ ಮಾತಾಡುತ್ತಿದೆ ಎಂಬುದು ಅದರಲ್ಲಿ ಸಾಲುಸಾಲಾಗಿ ಬೀಳುತ್ತದೆ. ಪುಟ ತೆರೆದುಕೊಳ್ಳುವಷ್ಟರಲ್ಲಿ, ಏನನ್ನೂ ಮುಟ್ಟುವ ಮೊದಲೇ, ಮೂರು ಹೊರಗಿನ ವಿಳಾಸಗಳಿಗೆ ಸುದ್ದಿ ಹೋಗಿತ್ತು. ಮೂರೂ ಜಾಹೀರಾತಿನವರವು. ಪುಟದ ಕೆಳಗೆ ಒಪ್ಪುತ್ತೇನೆ ಎಂಬ ಗುಂಡಿ ಎದ್ದಿತ್ತು. ಅದನ್ನು ಮುಟ್ಟಿಲ್ಲ ನೋಡಿ ಎಂದು ಬೆರಳೆತ್ತಿ ತೋರಿಸಿದಳು. ಆಮೇಲೆ ಪ್ರಶ್ನೆಗಳಿಗೆ ಬಂದಳು. ಒಂದೊಂದು ಉತ್ತರ ಒತ್ತಿದಾಗಲೂ ಹೊಸ ಸಾಲು ಬಿತ್ತು. ಒಂದು ಸಾಲನ್ನು ಬಿಡಿಸಿ ದೊಡ್ಡದು ಮಾಡಿದಳು. ನಾಲ್ಕನೆಯ ಪ್ರಶ್ನೆ, ಉತ್ತರ ಹೌದು, ಎಂದು ಅದರಲ್ಲಿ ಬರೆದಿತ್ತು.

ಅಕ್ಕ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದಳು. ನಾಲ್ಕನೆಯದು ಕೆಲಸಕ್ಕೆ ತೊಂದರೆಯಾಗುತ್ತಿದೆಯೇ ಎಂಬ ಪ್ರಶ್ನೆ. ಅವಳು ಸುಮ್ಮನಿದ್ದ ಆ ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದೆಲ್ಲ ಅಲ್ಲಿಂದ ಹೋಗಿತ್ತು.

"ಇವತ್ತು ಸಾರಿಗೆ ಉಪ್ಪು ಸರಿಯಾಗಿ ಹಾಕ್ತೀನಿ ಕಣೋ," ಎಂದಳು ನನಗೆ. ಅಂದರೆ ಅಷ್ಟು ದಿನ ಬೇಕೆಂದೇ ಹಾಕಿರಲಿಲ್ಲ.

ಕಂಪನಿಗೆ ಒಂದು ಪತ್ರ ಬರೆದೆವು. ಏನನ್ನು ಯಾರಿಗೆ ಕಳಿಸಿದ್ದೀರಿ, ಏಕೆ, ಅಳಿಸಿಹಾಕಿ, ಎಂದು. ಗ್ರಾಹಕರ ಖಾಸಗಿತನಕ್ಕೆ ಅವರು ಬಹಳ ಬೆಲೆ ಕೊಡುತ್ತಾರೆ ಎಂದು ಉತ್ತರ ಬಂತು. ತಾವು ಒಪ್ಪಿಗೆಯ ಗುಂಡಿ ಒತ್ತಿದ್ದೀರಿ, ನಮ್ಮ ನೀತಿಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ ಎಂದು ಅದರ ಕೊನೆಯಲ್ಲಿತ್ತು. ಆ ನೀತಿ ಓದಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಆಯ್ದ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು ಎಂಬ ಒಂದು ವಾಕ್ಯ ನಡುವೆ ಎಲ್ಲೋ ಇತ್ತು. ಪಾಲುದಾರರು ಯಾರು, ಹಂಚುವುದು ಏನನ್ನು ಎಂದು ಇರಲಿಲ್ಲ. ವಾಕ್ಯ ಬರೆಯುವುದು ನನ್ನ ಕಸುಬು. ಏನನ್ನೂ ಹೇಳದಿರಲು ಕಷ್ಟಪಟ್ಟು ಕಟ್ಟಿದ ವಾಕ್ಯವನ್ನು ನೋಡಿದರೆ ಗುರುತು ಹಿಡಿಯುತ್ತೇನೆ.

ಕಾನೂನನ್ನೂ ಓದಿದೆ. ವೈಯಕ್ತಿಕ ಮಾಹಿತಿಗೆಂದೇ ಹೊಸ ಕಾಯ್ದೆ ಬಂದಿದೆ. ಒಪ್ಪಿಗೆ ಎಂದರೆ ಸ್ವಂತ ಇಚ್ಛೆಯಿಂದ, ತಿಳಿದು, ಇಂಥದ್ದೇ ಉದ್ದೇಶಕ್ಕೆ ಎಂದು ಕೊಟ್ಟದ್ದಾಗಿರಬೇಕು ಎಂದು ಅದು ಹೇಳುತ್ತದೆ. ಆದರೆ ಆ ಭಾಗ ಜಾರಿಯಾಗಲು ಇನ್ನೂ ಕಾಯಬೇಕಿತ್ತು. ಅಕ್ಕ ಕಾಯಲು ಸಿದ್ಧಳಿರಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾತ್ರ ಆಗಲೇ ಜಾರಿಯಲ್ಲಿದ್ದ ಒಂದು ಸಾಲು ಸಿಕ್ಕಿತು. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು, ಕಾನೂನು ಒಪ್ಪುವ ರೀತಿಯಲ್ಲಲ್ಲದೆ, ಬೇರೆಯವರಿಗೆ ತಿಳಿಸುವುದು ಅನುಚಿತ ವ್ಯಾಪಾರ. ನಾವು ಹಣ ಕಟ್ಟಿ ಸಮಯ ಪಡೆದಿದ್ದೆವು, ಆದ್ದರಿಂದ ಗ್ರಾಹಕರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ವಕೀಲರು ಬೇಕೇಬೇಕೆಂದಿಲ್ಲ, ದೂರುದಾರರೇ ನಿಂತು ಮಾತಾಡಬಹುದು. ಇದನ್ನು ಓದಿದಾಗ ನನಗಾದ ಸಂತೋಷ ವಿಚಿತ್ರವಾದದ್ದು. ನಮ್ಮ ಮನೆಯ ಜಗಲಿಯಲ್ಲಿ ನಡೆದದ್ದನ್ನು ನಮ್ಮನ್ನು ನೋಡದ ಯಾರೋ ಮೊದಲೇ ಒಂದು ಸಾಲಿನಲ್ಲಿ ಬರೆದಿಟ್ಟಿದ್ದರು.

ಒಂದು ತೊಡಕಿತ್ತು. ಆಯೋಗದ ಸಭಾಂಗಣ ತೆರೆದ ಜಾಗ. ದೂರುದಾರರ ಹೆಸರು ಕೂಗುತ್ತಾರೆ, ವಿಷಯ ಎಲ್ಲರ ಮುಂದೆ ಹೇಳಬೇಕು, ತೀರ್ಪನ್ನು ಯಾರು ಬೇಕಾದರೂ ಓದಬಹುದು. ಗುಟ್ಟು ಕಾಯಲಿಲ್ಲವೆಂದು ದೂರು ಕೊಡಬೇಕಾದರೆ ಗುಟ್ಟನ್ನು ಗಟ್ಟಿಯಾಗಿ ಹೇಳಲೇಬೇಕು. ಇದನ್ನು ಅಕ್ಕನಿಗೆ ಹೇಳುವಾಗ ನಾನು ಬಹಳ ಪೀಠಿಕೆ ಹಾಕಿದೆ. ಅವಳು ಬೀನ್ಸ್ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೇಳ್ಬಾರದು ಅಂತ ನಾನೆಲ್ಲಿ ಅಂದೆ? ನಾನು ಹೇಳ್ಬೇಕು ಅಂದೆ. ಅಷ್ಟೇ ತಾನೆ ನನ್ನ ದೂರು?"

ಅದೇ ಶನಿವಾರ ಅವಳು ಪಾಠ ಬೇಗ ಮುಗಿಸಿ, ಜಗಲಿಯಲ್ಲಿದ್ದವರನ್ನೆಲ್ಲ ಒಳಗೆ ಕರೆದಳು. ಈ ದೃಶ್ಯವನ್ನು ನಾನು ಮೂರ್ನಾಲ್ಕು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲ ಅವಳು ಇದ್ದದ್ದಕ್ಕಿಂತ ಎತ್ತರವಾಗಿ ನಿಲ್ಲುತ್ತಿದ್ದಳು, ಕೇಳುವವರು ಇದ್ದದ್ದಕ್ಕಿಂತ ಹೆಚ್ಚು ಸ್ತಬ್ಧರಾಗುತ್ತಿದ್ದರು. ನಿಜದಲ್ಲಿ ಅವಳು ಕೂತೇ ಮಾತಾಡಿದಳು, ಮತ್ತು ಯಾರದೋ ಫೋನು ಎರಡು ಸಲ ಬಡಿದುಕೊಂಡಿತು. ನಿಮ್ಮ ಫೋನಿಗೆ ಬರುತ್ತಿದ್ದ ಜಾಹೀರಾತು ನನ್ನದು ಎಂದಳು. ಬಲಗಿವಿ ಸಣ್ಣ ಸದ್ದು ಬಿಟ್ಟಿದೆ, ಎಡಗಿವಿ ಬಿಟ್ಟಿಲ್ಲ, ಸಾಧನ ಹಾಕಿಕೊಳ್ಳುತ್ತೇನೆ, ಇನ್ನು ಮೇಲೆ ಹಾಡುವವರು ನನ್ನ ಎಡಕ್ಕೆ ಕೂರಬೇಕು, ಅನುಮಾನ ಇದ್ದವರು ಈಗಲೇ ಪರೀಕ್ಷೆ ಮಾಡಿ ನೋಡಬಹುದು ಎಂದಳು.

ತಾತ ಗಂಟಲು ಸರಿಮಾಡಿಕೊಂಡ.

"ಟೀಚ್ರೇ, ಅವತ್ತು ನಾ ಅಂದದ್ದು ತೆಪ್ಪಾಯ್ತು. ತಮಾಸೆಗಂದೆ."

"ತಮಾಷೆ ಚೆನ್ನಾಗೇ ಇತ್ತು," ಎಂದಳು ಅಕ್ಕ. "ನಿಮ್ಮ ಮೊಮ್ಮಗಳ ನಿಷಾದ ಮಾತ್ರ ಚೆನ್ನಾಗಿಲ್ಲ. ಮನೇಲಿ ಹಾಡಿಸ್ತಿಲ್ಲ ನೀವು."

ಮುಂದಿನ ವಾರ ಇಬ್ಬರು ಮಕ್ಕಳು ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದು ಒಂದು ಮನೆಯವರು ಹೇಳಿ ಕಳಿಸಿದರು, ಇನ್ನೊಂದು ಮನೆಯವರು ಏನೂ ಹೇಳಲಿಲ್ಲ. ಉಳಿದವರು ಬಂದರು. ಅಕ್ಕ ಆ ಇಬ್ಬರ ಹೆಸರನ್ನು ದೂರಿನಲ್ಲಿ ಸೇರಿಸಲು ಬಿಡಲಿಲ್ಲ. ಅವರು ಬಿಟ್ಟದ್ದು ತಪ್ಪಿರಬಹುದು, ಸುದ್ದಿ ತಲುಪಿದ ದಾರಿ ಅವರ ತಪ್ಪಲ್ಲ ಎಂದಳು.

ದೂರಿನ ಜೊತೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಬೇಕು. ಅಕ್ಕನದು ಒಂದು. ಬೋಗಾದಿಯ ತಾಯಿ ತಾನು ಕಂಡ ಪಟ್ಟಿಯನ್ನು ಮುದ್ರಿಸಿ, ಯಾವ ಯಂತ್ರದಲ್ಲಿ ಹೇಗೆ ತೆಗೆದದ್ದು ಎಂದು ಬರೆದು ಸಹಿ ಮಾಡಿಕೊಟ್ಟದ್ದು ಒಂದು. ಬೆರಳು ನನ್ನದಾದ್ದರಿಂದ ನನ್ನದೂ ಒಂದು. ಕೋರ್ಟಿನ ಹತ್ತಿರ ಟೈಪ್ ಮಾಡಿಕೊಡುವವರ ಬಳಿ ಕೂತೆ. ಅವರು ವೇಗವಾಗಿ ಹೊಡೆಯುತ್ತಾ ಬಂದು, ಒಪ್ಪಿಗೆಯ ವಿಷಯ ಬಂದಾಗ ನಿಲ್ಲಿಸಿದರು.

"ಒತ್ತಿಲ್ಲ ಅಂತ ಹಾಕ್ಬುಡ್ಲಾ ಸಾರ್? ಗಟ್ಟಿಯಾಗಿರ್ತದೆ."

ನನಗೆ ಮೂರು ನೆನಪಿವೆ ಎಂದು ಹೇಗೆ ಹೇಳುವುದು? ಬರೆಯುವ ಮೇಜಿನ ಮುಂದೆ ನಾನು ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದುಗರಿಗೆ ಬಿಟ್ಟುಬಿಡುತ್ತಿದ್ದೆ, ಅದನ್ನೇ ಪ್ರಯೋಗ ಎಂದು ಕರೆದುಕೊಳ್ಳುತ್ತಿದ್ದೆ. ಇಲ್ಲಿ ಕೆಳಗೆ ಸಹಿ ಮಾಡಬೇಕಿತ್ತು, ಮೇಲೆ ಸತ್ಯ ಎಂದು ಬರೆದಿತ್ತು. ಒತ್ತಿಲ್ಲ ಎಂದು ಬರೆದರೆ ಅಕ್ಕನ ದೂರಿಗೆ ಬಲ. ಅಕ್ಕನಿಗೆ ಫೋನ್ ಮಾಡಿದೆ.

"ನೆನಪಿಲ್ಲದ್ದನ್ನ ನೆನಪಿದೆ ಅನ್ಬೇಡ ಕಣೋ," ಎಂದಳು. "ಅವರು ಮಾಡಿದ್ದೂ ಅದೇ ತಾನೆ? ನಾವು ಒಪ್ಪದೇ ಇರೋದನ್ನ ಒಪ್ಪಿದ್ದಾರೆ ಅಂದಿದ್ದು."

ಹಾಗಾಗಿ ನನ್ನ ಪ್ರಮಾಣಪತ್ರದ ಆರನೆಯ ಕಂಡಿಕೆ ಹೀಗಿದೆ: ಆ ದಿನ ಒಪ್ಪಿಗೆಯ ಗುಂಡಿಯನ್ನು ನಾನು ಒತ್ತಿದೆನೋ, ದೂರುದಾರರು ಒತ್ತಿದರೋ, ಅಂಥ ಗುಂಡಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ನಮ್ಮ ಉತ್ತರಗಳನ್ನು ಹೊರಗಿನವರಿಗೆ ಕಳಿಸಲಾಗುವುದೆಂದು ನಮಗೆ ಯಾರೂ ಹೇಳಲಿಲ್ಲ ಎಂಬುದು ನೆನಪಿದೆ. ಟೈಪ್ ಮಾಡಿದವರು ಅದನ್ನು ಎರಡು ಸಲ ಓದಿ, ಹಣ ತೆಗೆದುಕೊಳ್ಳುವಾಗ ತಲೆ ಆಡಿಸಿದರು. ನಾನು ಬರೆದದ್ದರಲ್ಲಿ ಇಷ್ಟು ನೇರವಾದ ಗದ್ಯ ಬೇರೆ ಇಲ್ಲ.

ಕಂಪನಿಯ ಪರವಾಗಿ ಒಬ್ಬ ಯುವ ವಕೀಲ ಬಂದಿದ್ದರು. ವಿಚಾರಣೆಗೆ ಹಲವು ತಿಂಗಳು ಹಿಡಿದವು. ಕೊನೆಯ ವಾದದ ದಿನ ಬಲಗಿವಿಯಲ್ಲಿ ಸಾಧನ ಹಾಕಿಕೊಂಡು, ಹಸಿರು ರೇಷ್ಮೆ ಸೀರೆ ಉಟ್ಟು ಅಕ್ಕ ಆಯೋಗದ ಎದುರಿಗೆ ನಿಂತಳು. ಸಾಧನ ತೆಗೆದುಕೊಂಡದ್ದು ಬೇರೆ ಅಂಗಡಿಯಲ್ಲಿ. ಅಧ್ಯಕ್ಷರು ಮೆಲ್ಲಗೆ ಏನೋ ಕೇಳಿದರು. ಅಕ್ಕ, ಸ್ವಾಮಿ, ಫ್ಯಾನಿನ ಸದ್ದಿಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಬೇಕು ಎಂದಳು. ಮೂವತ್ತು ಜನರ ಮುಂದೆ ಅವಳು ಮತ್ತೆ ಹೇಳಿ ಎಂದು ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎರಡನೆಯ ಪ್ರಶ್ನೆಯ ಹೌದು ಈಗ ಅವಳ ಬಾಯಿಂದಲೇ ಬಂದಿತ್ತು.

ವಕೀಲರು ಚೆನ್ನಾಗಿಯೇ ವಾದಿಸಿದರು. ಗುಂಡಿ ಒತ್ತಿದರೋ ಇಲ್ಲವೋ ಎಂಬುದು ದೂರುದಾರರ ಸ್ವಂತ ತಮ್ಮನಿಗೇ ನೆನಪಿಲ್ಲ ಎಂದು ನನ್ನ ಆರನೆಯ ಕಂಡಿಕೆಯನ್ನು ಓದಿದರು. ನಾವು ಯಾರಿಗೂ ಹೆಸರು ಕಳಿಸಿಲ್ಲ, ಕಳಿಸಿದ್ದು ಫೋನನ್ನು ಗುರುತಿಸುವ ಒಂದು ಸಂಖ್ಯೆ ಮಾತ್ರ ಎಂದರು. ವೈಫೈಯನ್ನು ಊರಿಗೆಲ್ಲ ಹಂಚಿದ್ದು ದೂರುದಾರರೇ, ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿಟ್ಟಿದ್ದರು ಎಂದರು.

ಆಯೋಗದ ಸದಸ್ಯೆಯೊಬ್ಬರು ಅದುವರೆಗೂ ಬರೆದುಕೊಳ್ಳುತ್ತಲೇ ಇದ್ದರು. ಅವರು ತಲೆಯೆತ್ತಿ, ಒತ್ತಿದ್ದಾರೆ ಎಂದೇ ಇಟ್ಟುಕೊಳ್ಳೋಣ, ಯಾವುದಕ್ಕೆ ಒತ್ತಿದ್ದು ಎಂದು ಕೇಳಿದರು. ಗುಂಡಿ ಮುಟ್ಟುವ ಮೊದಲೇ ಮೂರು ಕಡೆ ಸುದ್ದಿ ಹೋಗಿದೆಯಲ್ಲ, ಆ ಒಪ್ಪಿಗೆಯನ್ನು ಯಾರಿಂದ ಪಡೆದಿರಿ? ವಕೀಲರು ಕಾಗದ ತಿರುವಿದರು. ನಾನು ತಿಂಗಳುಗಟ್ಟಲೆ ಹೊತ್ತು ತಿರುಗಿದ ಮೂರು ನೆನಪುಗಳು ಆ ಕ್ಷಣಕ್ಕೆ ಬೇಡವಾದವು. ಹೇಳಬೇಕಾದ್ದನ್ನು ಹೇಳದೆ ತೆಗೆದುಕೊಂಡವರು ಲೆಕ್ಕ ಒಪ್ಪಿಸಬೇಕು. ನೆನಪಿಟ್ಟುಕೊಳ್ಳುವ ಹೊರೆ ನನ್ನದಲ್ಲ. ಹಕ್ಕು ಎಂಬ ಪದವನ್ನು ನಾನು ಬಹಳ ಸಲ ಬರೆದಿದ್ದೇನೆ. ಅದು ಹೆಗಲಿನಿಂದ ಏನನ್ನೋ ಇಳಿಸುತ್ತದೆ ಎಂದು ಗೊತ್ತಾದದ್ದು ಅಲ್ಲಿ.

ಅಕ್ಕನಿಗೆ ಹೇಳುವುದೇನಾದರೂ ಇದೆಯೇ ಎಂದು ಅಧ್ಯಕ್ಷರು, ಈ ಸಲ ಗಟ್ಟಿಯಾಗಿ, ಕೇಳಿದರು.

"ಇದೆ ಸ್ವಾಮಿ. ಹೆಸರು ಕಳಿಸಿಲ್ಲ ಅಂದ್ರು. ನಮ್ಮನೆ ಜಗಲಿಗೇ ಗೊತ್ತಾದ ಮೇಲೆ ಹೆಸರು ಯಾಕೆ? ವೈಫೈ ಹಂಚಿದ್ದು ನಿಜ. ಜಗಲಿ ಕೊಟ್ಟಿದ್ದು ನಾನು, ಮಕ್ಕಳ ಕಾಯೋರಿಗೆ ಕೊಟ್ಟೆ. ಇವರ ಅಂಗಡಿಗೆ ಕೊಡ್ಲಿಲ್ಲ."

ಹಿಂದೆ ಯಾರೋ ನಕ್ಕರು. ಕಂಪನಿಯ ವಕೀಲರೂ ಸ್ವಲ್ಪ ನಕ್ಕರು ಎಂದು ನನ್ನ ನೆನಪು. ಅದು ನನಗೆ ಬೇಕಾದ ನೆನಪಾದ್ದರಿಂದ ಪಕ್ಕಕ್ಕಿಡುತ್ತೇನೆ.

ತೀರ್ಪು ನಮ್ಮ ಪರವಾಗಿ ಬಂತು. ನಂಬಿ ಕೊಟ್ಟ ಆರೋಗ್ಯದ ಮಾಹಿತಿಯನ್ನು ಕೇಳದೆ ಹೊರಗೆ ಕೊಟ್ಟದ್ದು ಅನುಚಿತ ವ್ಯಾಪಾರ ಎಂದಿತು. ಆ ಪದ್ಧತಿ ನಿಲ್ಲಿಸಬೇಕು, ಕಳಿಸಿದ್ದನ್ನು ತಾವೂ ಅಳಿಸಿ, ಪಡೆದವರೂ ಅಳಿಸುವಂತೆ ಮಾಡಬೇಕು, ಹಾಗೆ ಮಾಡಿದ್ದೇವೆಂದು ದೂರುದಾರರಿಗೆ ಬರೆದುಕೊಡಬೇಕು, ಖರ್ಚು ಕೊಡಬೇಕು. ಅಳಿಸಿದ್ದು ನಿಜವಾಗಿ ಅಳಿಯಿತೇ ಎಂದು ನನಗೆ ಗೊತ್ತಿಲ್ಲ. ಆ ಮೂರು ವಿಳಾಸಗಳ ಹೊಟ್ಟೆಯಲ್ಲಿ ನಾಲ್ಕನೆಯ ಪ್ರಶ್ನೆಯ ಉತ್ತರ ಇನ್ನೂ ಎಲ್ಲೋ ಇರಬಹುದು. ಮೇಲ್ಮನವಿ ಬರಲಿಲ್ಲ, ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಅಕ್ಕ ಅದನ್ನು ಸಂಗೀತದ ಪುಸ್ತಕಗಳ ನಡುವೆ ಇಟ್ಟಳು. ಬಿಟ್ಟುಹೋದ ಇಬ್ಬರಲ್ಲಿ ಒಬ್ಬಳು, ಪರೀಕ್ಷೆ ಮುಗಿಯಿತು ಎಂದು ವಾಪಸ್ಸು ಬಂದಳು. ಅಕ್ಕ ಅವಳನ್ನೂ ಎಡಕ್ಕೆ ಕೂರಿಸಿದಳು.

ರಟ್ಟನ್ನು ತೆಗೆದುಬಿಡೋಣವೇ ಎಂದು ನಾನು ಕೇಳಿದ್ದೆ. ಯಾಕೆ, ಬಂದವರು ಏನು ಮಾಡಿದರು ಎಂದಳು. ಬೋಗಾದಿಯ ತಾಯಿ ಬಂದವರಿಗೆಂದೇ ಬೇರೆ ಹೆಸರಿನ ವೈಫೈ ಮಾಡಿಕೊಟ್ಟು, ನಮ್ಮ ಫೋನಿನಲ್ಲಿ ಅಡಗಿ ಹಿಂಬಾಲಿಸುವವರನ್ನು ತಡೆಯುವ ಏರ್ಪಾಡೂ ಮಾಡಿದಳು. ಹೊಸ ಪಾಸ್‌ವರ್ಡ್, ವರಸೆಗಳ ನಂತರದ ಪಾಠವಾದ ಅಲಂಕಾರದ ಒಂದು ಸಾಲು. ಇದು ಸ್ವಲ್ಪ ಕಷ್ಟ, ತಾತನಿಗೆ ಇನ್ನೂ ಬಂದಿಲ್ಲ.

ಅವತ್ತೇ ಬೋಗಾದಿಯ ತಾಯಿ ತನ್ನ ಲ್ಯಾಪ್‌ಟಾಪಿನಲ್ಲಿ ಆ ಕಂಪನಿಯ ಪುಟವನ್ನು ಮತ್ತೆ ತೆರೆದು ತೋರಿಸಿದಳು. ಪಕ್ಕದ ಪಟ್ಟಿಯಲ್ಲಿ ಹೊರಗಿನ ಒಂದು ವಿಳಾಸವೂ ಇರಲಿಲ್ಲ. ಪುಟದ ನಡುವೆ, ನಿಮ್ಮ ಉತ್ತರಗಳನ್ನು ಜಾಹೀರಾತಿಗೆ ಬಳಸಲು ಇಂಥವರಿಗೆ ಕಳಿಸಬಹುದೇ ಎಂಬ ಪ್ರಶ್ನೆ, ಅದರ ಕೆಳಗೆ ಒಂದೇ ಅಳತೆಯ ಎರಡು ಗುಂಡಿಗಳು: ಸರಿ, ಬೇಡ. ಒಳಗೆ ಮಕ್ಕಳು ಶ್ರುತಿ ಹಾಕಿಕೊಂಡು ಕಾಯುತ್ತಿದ್ದರು. ಒಳಗೆ ಹೊರಟಿದ್ದ ಅಕ್ಕ ಬಾಗಿಲಿನಿಂದ ವಾಪಸ್ಸು ಬಂದು, ಕನ್ನಡಕ ಹಾಕಿಕೊಂಡು, ಎರಡನ್ನೂ ಓದಿ, ಬೇಡ ಎಂಬುದನ್ನು ಒತ್ತಿದಳು. ಪಟ್ಟಿ ಹಾಗೇ ಖಾಲಿ ಇತ್ತು. ಅವಳು ನನ್ನ ಕಡೆ ತಿರುಗಿದಳು.

"ಬರ್ಕೋ. ಈ ಸಲ ಒತ್ತಿದ್ದು ನಾನು."